ಗಾರ್ಡ್ ಸುಮ್ನೆ ಕೂತಿರುವುದಿಲ್ಲ

ನಮ್ಮ ಜಿಲ್ಲೆಯಲ್ಲಿ ಗಾರ್ಡ್‌ಗಳಿಗೆ ಬರವಿಲ್ಲ. ಶಿರಸಿ ಕಡೆ ಫಾರೆಸ್ಟ್ ಗಾರ್ಡ್, ಕಾರವಾರದಲ್ಲಿ ಕೋಸ್ಟ್ ಗಾರ್ಡ್, ಗೋಕರ್ಣ, ಮುರ್ಡೇಶ್ವರದ ಬೀಚಿನಲ್ಲಿ ಲೈಫ್‌ಗಾರ್ಡ್. ರೈಲಿನ ಕೊನೇ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿಯುವವರೂ ನಮಗೆ ಗಾರ್ಡೇ. 2022ರಲ್ಲಿ ರೈಲ್ವೆಯವರು ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರಿಟ್ಟರು. ನನಗೆ ಹಳೇ ಹೆಸರೇ ಇಷ್ಟ.

ಯಾಕೆಂದರೆ ಆ ಪದದ ಬೇರಲ್ಲಿ ಲಾಠಿಯೂ ಇಲ್ಲ, ತೋಳ್ಬಲವೂ ಇಲ್ಲ. ಇರುವುದು ಕಣ್ಣು. ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚಿನಿಂದ. ಫ್ರೆಂಚಿಗೆ ಬಂದದ್ದು ಫ್ರಾಂಕರು ಎಂಬ ಜರ್ಮನಿಕ್ ಜನರ ಮಾತಿನಿಂದ. ಅವರು 'ವ' ಅಂದದ್ದು ಫ್ರೆಂಚರ ಬಾಯಲ್ಲಿ 'ಗ' ಆಯಿತು. ಹಳೇ ಇಂಗ್ಲಿಷಿನಲ್ಲಿ ಅದೇ ಬೇರಿನ ಪದ 'ವ' ಉಳಿಸಿಕೊಂಡೇ ಇತ್ತು: ವಾರ್ಡ್. ಆಸ್ಪತ್ರೆಯ ವಾರ್ಡು, ಪಂಚಾಯ್ತಿಯ ವಾರ್ಡು, ಹಾಸ್ಟೆಲಿನ ವಾರ್ಡನ್ ಎಲ್ಲ ಗಾರ್ಡ್‌ನ ದಾಯಾದಿಗಳು. ಇನ್ನೂ ಹಿಂದಕ್ಕೆ ಹೋದರೆ ಸಿಗುವ ಅರ್ಥ, ಎಚ್ಚರದಿಂದ ನೋಡುವುದು. ನಾವು ದಿನಾ ಕೇಳುವ 'ಅವೇರ್‌ನೆಸ್' ಕೂಡ ಅಲ್ಲಿಂದಲೇ ಬಂದದ್ದು.

ಬೀಚಿನಲ್ಲಿ ಇದು ಕಣ್ಣಾರೆ ಕಾಣುತ್ತದೆ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲೇಬೇಕಲ್ವಾ? ಮರಳದಿಬ್ಬದ ನಡುವೆ ಸಂದು ಸಿಕ್ಕರೆ ಅಲ್ಲಿಂದ ಜೋರಾಗಿ ಒಳಗೆ ಸೆಳೆಯುತ್ತದೆ. ಎರಡೂ ಪಕ್ಕದಲ್ಲಿ ಬಿಳಿ ನೊರೆ ಇರುತ್ತದೆ, ನಡುವಿನ ಪಟ್ಟಿಯಲ್ಲಿ ಅಲೆಯೇ ಒಡೆಯುವುದಿಲ್ಲ. ಪ್ರವಾಸಿಗರು 'ಇಲ್ಲಿ ಶಾಂತವಾಗಿದೆ' ಅಂತ ಅಲ್ಲೇ ಇಳಿಯುತ್ತಾರೆ. ಲೈಫ್‌ಗಾರ್ಡ್ ಅದನ್ನು ನೋಡಿಯೇ ಸೀಟಿ ಊದುವುದು. ಒಂದು ವೇಳೆ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಗುದ್ದಾಡಬೇಡಿ. ಕೈ ಎತ್ತಿ ಕರೆಯಿರಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಿ.

ಈ ಜನರನ್ನು 'ಸುಮ್ನೆ ಕೂತಿರ್ತಾರೆ' ಅಂತ ಆಡಿಕೊಳ್ಳುವುದು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಬಿಸಿಲು ಕುಕ್ಕುವ ನೀರಿನ ಮೇಲೆ ಗಂಟೆಗಟ್ಟಲೆ ಕಣ್ಣಿಟ್ಟು, ನೂರು ತಲೆಗಳ ನಡುವೆ ಮುಳುಗುತ್ತಿರುವ ಒಂದನ್ನು ಗುರುತಿಸಬೇಕು. ಮುಳುಗುವವರು ಎಷ್ಟೋ ಸಲ ಕೂಗುವುದೂ ಇಲ್ಲ, ಉಸಿರೇ ಸಿಗದವರು ಎಲ್ಲಿ ಕೂಗಿಯಾರು? ಹಾಗಾಗಿ ಅವರಿಗೆ ಮೊದಲು ಬೇಕಾದದ್ದು ನೆರಳು, ಎತ್ತರದ ಅಟ್ಟಣೆ, ಕಣ್ಣಿಗೆ ವಿಶ್ರಾಂತಿ ಸಿಗುವ ಹಾಗೆ ಪಾಳಿ ಬದಲಾವಣೆ. ಸಂಬಳವೂ ಆ ಜವಾಬ್ದಾರಿಗೆ ತಕ್ಕ ಹಾಗಿರಲಿ.

ನೀವು ನಮ್ಮ ಕಡಲಿಗೆ ಬರುವವರಾದರೆ ಒಂದೇ ಕೋರಿಕೆ. ನೀರಿಗಿಳಿಯುವ ಮೊದಲು ಅವರ ಹತ್ತಿರ ಹೋಗಿ, 'ಇವತ್ತು ಸೆಳೆತ ಎಲ್ಲಿದೆ?' ಅಂತ ಕೇಳಿ.