ಕರಿಯನ ಗೋಣಿಚೀಲ

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ಮತ್ತೆ ಮಾಯ. ಬಲಗಾಲಿನದು ಉಳಿದಿತ್ತು, ಅದರ ಮೇಲೆ ನಮ್ಮ ನಾಯಿ ಕರಿಯ ತಲೆ ಇಟ್ಟು ಮಲಗಿದ್ದ. ಅವನಿಗೆ 11 ವರ್ಷ. ಅವನ ಕಿವಿಗೆ ಜೋತುಬಿದ್ದಿದ್ದವನು ಗುಂಡ, ಎರಡೂವರೆ ತಿಂಗಳ ಮರಿ. ಜಯನಗರ ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿ ಪಕ್ಕ ಮಳೆಯಲ್ಲಿ ನೆನೀತಾ ಇತ್ತು ಅಂತ ಮಗಳು ಎತ್ತಿಕೊಂಡು ಬಂದಳು. "ಎರಡೇ ದಿನ ಅಪ್ಪ" ಅಂದಿದ್ದಳು. ಇವತ್ತಿಗೆ 19.

ಮರಿಗೆ 28 ಹಾಲುಹಲ್ಲು ಅಂತ ಡಾಕ್ಟರು ಹೇಳಿದರು. ಕರಿಯನ ಕಿವಿಗೆ ಆ ಲೆಕ್ಕ ಮೊದಲೇ ಗೊತ್ತಿತ್ತು. ಕರಿಯ ಗುರ್ ಅಂದರೆ ಬೈಯಬೇಡಿ ಅಂತಲೂ ಹೇಳಿದರು. ಗುರ್ ಅನ್ನೋದು ಬಿಡಿಸಿದರೆ ಒಂದಿನ ಹೇಳದೆ ಕೇಳದೆ ಕಚ್ಚಿಬಿಡಬಹುದಂತೆ. ಸರಿ, ಗುರ್ ಅನ್ನಲಿ. ಗುಂಡ ತಕ್ಷಣ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತಾನೆ. ಅರ್ಧ ನಿಮಿಷಕ್ಕೆ ಬಾಲ ಹಿಡಿಯುತ್ತಾನೆ.

ಇದನ್ನು ನೋಡಿದಾಗೆಲ್ಲ ನನಗೆ ದೊಡ್ಡಪ್ಪನ ಪೇಪರ್ ನೆನಪಾಗುತ್ತದೆ. ಚಾಮರಾಜಪೇಟೆಯ ವಠಾರದಲ್ಲಿ ಅವರು ಪದಬಂಧ ತುಂಬುವ ತನಕ ಪೇಪರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ದೊಡ್ಡಮ್ಮ ಕೂಡ. ಒಂದು ಬೇಸಿಗೆಗೆ ತಿಪಟೂರಿಂದ ಚಿಕ್ಕಮ್ಮನ ಮಗ ಬಂದ, ನಾಲ್ಕು ವರ್ಷದ ಪೋರ. ಜಗಲಿಗೆ ಬಂದವನೇ ಪೇಪರ್ ಮೇಲೆ ಕೂತ. ದೊಡ್ಡಪ್ಪ ಗುಡುಗಿದರು. ಅವನು ಕಿಸಕ್ಕನೆ ನಕ್ಕ. ಮಾರನೇ ದಿನ ಪದಬಂಧದ ಪುಟವನ್ನೇ ಹರಿದು ದೋಣಿ ಮಾಡಿಸಿಕೊಂಡ, ಮಾಡಿಕೊಟ್ಟವನು ನಾನು, ಏಟು ತಿಂದವನೂ ನಾನೇ. ಮೂರನೇ ದಿನದಿಂದ ಮನೆಗೆ ಎರಡು ಪೇಪರ್ ಬರತೊಡಗಿತು. ಯಾಕೆ ಅಂತ ದೊಡ್ಡಮ್ಮ ಕೇಳಿದ್ದಕ್ಕೆ, "ರದ್ದಿಗೆ ತೂಕ ಬರ್ಲಿ ಅಂತ ಕಣೇ" ಅಂದರು. ಆ ಪೋರ ಈಗ ವೈಟ್‌ಫೀಲ್ಡಿನಲ್ಲಿದ್ದಾನೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಟ್ರಾಫಿಕ್‌ನಲ್ಲಿದ್ದೀನಿ ಅಂತಾನೆ.

ಎಲ್ಲಿದ್ದೆ? ಹಾಂ, ಗೋಣಿಚೀಲ. ವರಾಂಡದ ಮೂಲೆಯ ಆ ಚೀಲ ಕರಿಯನದು, ಅದನ್ನು ಒಗೆಯಲೂ ಅವನು ಬಿಡುತ್ತಿರಲಿಲ್ಲ. ಈಗ ನಡುಮಧ್ಯ ಗುಂಡ, ಕರಿಯನಿಗೆ ಗದ್ದ ಊರುವಷ್ಟು ಅಂಚು, ಉಳಿದ ಮೈಯೆಲ್ಲ ತಣ್ಣನೆ ಮೊಸಾಯಿಕ್ ನೆಲದ ಮೇಲೆ. ಪಕ್ಕದಲ್ಲೇ ಹೊಸ ಚೀಲ ಹಾಸಿಕೊಟ್ಟೆ. ಇಬ್ಬರೂ ಅದನ್ನು ಮೂಸಿ ಕೂಡ ನೋಡಲಿಲ್ಲ. ಅಕ್ಕಪಕ್ಕದವರು ಗೇಟಿನಾಚೆಯಿಂದಲೇ "ಅಯ್ಯೋ ಎಷ್ಟು ಮುದ್ದು, ಅಣ್ಣತಮ್ಮಂದಿರ ಥರ ಅಲ್ವಾ" ಅಂತ ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಮುದ್ದಂತೆ. ದಿನಕ್ಕೆ ಎಂಟು ಸಲ ನೆಲ ಒರೆಸೋಕೆ ಇವರಲ್ಲಿ ಒಬ್ಬರಾದರೂ ಬರಲಿ ನೋಡೋಣ.

ಮೊನ್ನೆ ಗುಂಡನನ್ನು ಚುಚ್ಚುಮದ್ದಿಗೆ ಕರೆದುಕೊಂಡು ಹೋಗಿದ್ದೆವು. ಪಾಪ, ಕರಿಯ ಗೇಟಿನ ಹತ್ತಿರ ಕಾಯುತ್ತಾ ನಿಂತಿರುತ್ತಾನೆ ಅಂತ ಮಗಳು ದಾರಿಯುದ್ದಕ್ಕೂ ಕಣ್ಣೀರು ಹಾಕುವುದೊಂದು ಬಾಕಿ. ಬಂದು ನೋಡಿದರೆ ಚೀಲದ ತುಂಬ ನಾಲ್ಕೂ ಕಾಲು ಚಾಚಿಕೊಂಡು ಗೊರಕೆ. ಗದ್ದದ ಕೆಳಗೆ ನನ್ನ ಹಳೇ ಎಡಗಾಲಿನ ಚಪ್ಪಲಿ, ಅರ್ಧ. ಅದರ ಮೇಲಿದ್ದದ್ದು ಹಾಲುಹಲ್ಲಿನ ಗುರುತಂತೂ ಅಲ್ಲ. ನಾನು ಏನೂ ಕೇಳದೆ ಬರಿಗಾಲಲ್ಲೇ ಹಾಲು ತರೋಕೆ ಹೋದೆ.