ಟಾರ್ಪೆಡೊ ದೋಣಿಗಳ ಒಡಲು ಪ್ಲೈವುಡ್‌ನದೇ? ಸತ್ಯಾಂಶ

ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಟಾರ್ಪೆಡೊ ದೋಣಿಗಳ ಮತ್ತು ಗನ್‌ಬೋಟ್‌ಗಳ ಒಡಲು ಬರೀ ಪ್ಲೈವುಡ್‌ನದು ಎಂಬ ಸಂದೇಶ ದೋಣಿಗಳ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸಿಗಳ ನಡುವೆ ಆಗಾಗ ಹರಿದಾಡುತ್ತದೆ. ಇದು ಸರಿಯಲ್ಲ. ವಾಸ್ಪರ್ ಕಂಪನಿಯ ದೋಣಿಗಳಿರಲಿ, ಫೇರ್‌ಮೈಲ್ ಕಂಪನಿ ವಿನ್ಯಾಸಗೊಳಿಸಿದ 115 ಅಡಿ ಉದ್ದದ ‘ಡಿ’ ದೋಣಿಗಳಿರಲಿ, ಅವುಗಳ ಹೊರಮೈ ಮಹಾಗನಿಯದು: ತೆಳು ಹಲಗೆಗಳನ್ನು ಓರೆಯಾಗಿ ಜೋಡಿಸಿ, ಅದರ ಮೇಲೆ ಎದುರು ಓರೆಯಲ್ಲಿ ಇನ್ನೊಂದು ಪದರ ಹೊದಿಸಿ, ನೀರು ಜಿನುಗದಂತೆ ನಡುವೆ ಬಟ್ಟೆಯನ್ನಿಟ್ಟು ಬಿಗಿಯುತ್ತಿದ್ದರು. ಗೊಂದಲಕ್ಕೆ ಕಾರಣವಿಲ್ಲದಿಲ್ಲ, ಫೇರ್‌ಮೈಲ್ ದೋಣಿಗಳ ಒಳಚೌಕಟ್ಟುಗಳು ನಿಜಕ್ಕೂ ಪ್ಲೈವುಡ್‌ನವು, ಮೊದಲೇ ಕತ್ತರಿಸಿ ದೋಣಿ ಕಟ್ಟುವ ಅಂಗಳಗಳಿಗೆ ಕಳುಹಿಸಿದಂಥವು.

ಇಂಥ ಮಾತು ಬಂದಾಗ ಅದು ಯಾವ ದೋಣಿಯ, ಯಾವ ಭಾಗದ ಬಗ್ಗೆ ಎಂದು ಮೊದಲು ಕೇಳಿಕೊಳ್ಳಬೇಕು. ಬಳಿಕ ನಿರ್ಮಾಣ ಹಂತದ ಹಳೆಯ ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ಓರೆ ಹಲಗೆಗಳ ಸಾಲು ತಾನಾಗಿಯೇ ಕಾಣುತ್ತದೆ. 1937ರಲ್ಲಿ ನೀರಿಗಿಳಿದ ವಾಸ್ಪರ್ ಟಾರ್ಪೆಡೊ ದೋಣಿ ಎಂಟಿಬಿ 102 ಇಂದಿಗೂ ಉಳಿದಿರುವುದರಿಂದ ಅದರ ಚಿತ್ರಗಳೊಂದಿಗೂ ಹೋಲಿಸಬಹುದು. ಹಾಗೆಂದು ಮಾದರಿಯ ಮೈಮೇಲೆ ಆಳವಾಗಿ ಗೀರು ಹಾಕುವುದು ಬೇಡ. 68 ಅಡಿಯ ಆ ದೋಣಿ 1:72ರ ಅಳತೆಯಲ್ಲಿ ಸುಮಾರು 29 ಸೆಂಟಿಮೀಟರ್ ಆಗುತ್ತದೆ. ಬಣ್ಣದಡಿಯ ಹಲಗೆಸಂದುಗಳು ಅಷ್ಟು ಚಿಕ್ಕದರಲ್ಲಿ ಕಾಣುವಂಥವಲ್ಲ.