12.9 ಬೋಲ್ಟ್ ಹಾಕಿದವರು ಉತ್ತರ ಕೊಡ್ರಿ

ಬೋಲ್ಟು ಇನ್ನೂ ಜೇಬಿನಲ್ಲೇ ಇದೆ. ಟ್ರ್ಯಾಕ್ಟರಿಗೆ ಕಟ್ಟಿ ಹುಲ್ಲನ್ನು ರೋಲ್ ಮಾಡುವ ನನ್ನ ಬೇಲರ್ ಮಷಿನ್ನಿನದು. ಅದರ ತಲೆ ಮೇಲೆ ಗಟ್ಟಿತನದ ದರ್ಜೆ 12.9 ಅಂತ ಕೊರೆದದ್ದು ಬೆರಳಿಗೆ ತಗಲುತ್ತದೆ. ಎಲ್ಲೂ ಬಾಗಿಲ್ಲ, ಒಂದು ಗೀರು ಬಿದ್ದಿಲ್ಲ, ಈಗ ತಾನೇ ಪೊಟ್ಟಣದಿಂದ ತೆಗೆದ ಹಾಗಿದೆ. ಗೇರ್‌ಬಾಕ್ಸ್ ಬಿಚ್ಚಿದರೆ ಪಿನಿಯನ್ನಿನ, ಅಂದರೆ ಚಿಕ್ಕ ಗೇರಿನ, ನಾಲ್ಕು ಹಲ್ಲು ಆಯಿಲ್‌ನ ತಳದಲ್ಲಿ ಬಿದ್ದಿವೆ. ಮುರಿಯಲಿ ಅಂತಲೇ ಇಟ್ಟ ಬೋಲ್ಟು ಗಟ್ಟಿಯಾಗಿ ನಿಂತಿದೆ, ಜನ್ಮದಲ್ಲಿ ಮುರಿಯಬಾರದ ಹಲ್ಲು ಉದುರಿದೆ. ಇದಕ್ಕೆ ಕಾರಣ ನನ್ನ ಕ್ಲಚ್ಚಂತೆ. ನಾನು ಕ್ಲಚ್ ಹೊಡೆದದ್ದಕ್ಕೆ ಹಲ್ಲು ಹೋಯಿತಂತೆ!

ಬೇಲರ್ ರಿಪೇರಿ ಅಂಗಡಿಯ ಕೌಂಟರ್ ಮುಂದೆ ಏಳೆಂಟು ಜನ ನಿಂತಿದ್ದರು. ಅರ್ಧ ಜನ ಪರಿಚಯದವರೇ. ಅವರೆಲ್ಲರ ಎದುರು ಅಲ್ಲಿನ ಮೆಕ್ಯಾನಿಕ್ ಬಿಚ್ಚಿದ ಪಿನಿಯನ್ನನ್ನು ಬನಿಯನ್ ಬಟ್ಟೆಯಲ್ಲಿ ಒರೆಸುತ್ತಾ, ನನ್ನ ಮುಖ ಕೂಡ ನೋಡದೆ ಹೇಳಿದ: "ಯಜಮಾನ್ರ, ಬೇಲರ್ ಅಂದ್ರ ರೆಂಟಿ ಹೊಡದಂಗಲ್ಲ. ಹೊಡಿಯಾಕ ಬರದವ್ರ ಕೈಯಾಗ ಮಷಿನ್ ಕೊಟ್ರ ಹಿಂಗ ಆಗೂದು." ನಾನು ಬೆಂಚಿನ ಮೇಲಿದ್ದ ಈ ಬೋಲ್ಟನ್ನು ಎತ್ತಿ, "ಇದನ್ನ ಹಾಕಿದವ್ರು ಯಾರು?" ಅಂತ ಕೇಳಿದೆ. ಆತ ನಕ್ಕ. "ಗಟ್ಟಿ ಬೋಲ್ಟ್ ಹಾಕಿದ್ದೂ ತಪ್ಪೇನ್ರೀ? ಮುರದ್ರ ಮುರೀತು ಅಂತೀರಿ, ಮುರೀಲಿಲ್ಲಂದ್ರ ಯಾಕ ಮುರೀಲಿಲ್ಲ ಅಂತೀರಿ." ಹಿಂದೆ ನಿಂತವರೂ ನಕ್ಕರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಬೋಲ್ಟು ಕೈಯಲ್ಲೇ ಉಳಿಯಿತು, ಬಂದುಬಿಟ್ಟೆ.

ಆ ನಗುವೇ ಕಿವಿಯಲ್ಲಿ ಕೂತಿದೆ. ಗೇರ್‌ಬಾಕ್ಸಿನ ದುಡ್ಡು ಹೇಗೋ ಹುಟ್ಟುತ್ತದೆ. ಅಲ್ಲಿ ಹೇಳಬೇಕಾಗಿದ್ದ ಮಾತು ಹೇಳಲಿಲ್ಲವಲ್ಲ, ಅದಕ್ಕೇ ನಿದ್ದೆ ಬರುತ್ತಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತೇನೆ, ಆ ಏಳೆಂಟು ಜನರಲ್ಲಿ ಒಬ್ಬರಾದರೂ ಓದಲಿ.

ಟ್ರ್ಯಾಕ್ಟರಿನ ಜೋರನ್ನು ಬೇಲರ್‌ಗೆ ತಲುಪಿಸುವ ಪಿಟಿಒ ಶಾಫ್ಟಿನ ಮಷಿನ್ ಕಡೆ ತುದಿಯಲ್ಲಿರುವ ಶಿಯರ್ ಬೋಲ್ಟು ಎರಡು ತುಂಡನ್ನು ಬಿಗಿಯಲು ಇರುವ ಸಾದಾ ಬೋಲ್ಟಲ್ಲ. ಮನೆಯ ಕರೆಂಟಿಗೆ ಫ್ಯೂಸ್ ಇದ್ದಂತೆ ಅದು. ಹಸಿ ಹುಲ್ಲಿನ ಮುದ್ದೆ ಒಳಗೆ ಸಿಕ್ಕಿ ರೋಲರ್ ನಿಂತರೂ ಟ್ರ್ಯಾಕ್ಟರ್ ಇಂಜಿನ್ನಿನ ಭಾರದ ಚಕ್ರ, ಫ್ಲೈವೀಲ್, ನಿಲ್ಲುವುದಿಲ್ಲ. ಅದರ ಪೂರ್ತಿ ಜೋರು ಒಂದೇ ಏಟಿಗೆ ಶಾಫ್ಟಿನ ಮೇಲೆ ಬೀಳುತ್ತದೆ. ಆ ಏಟಿಗೆ ಬೋಲ್ಟು ಕತ್ತರಿಸಿ ಹೋಗಬೇಕು, ಶಾಫ್ಟ್ ಖಾಲಿ ತಿರುಗಬೇಕು, ಒಳಗಿನ ಕ್ರೌನ್-ಪಿನಿಯನ್, ಚೈನು, ಸ್ಪ್ರಾಕೆಟ್ ಎಲ್ಲ ಉಳಿಯಬೇಕು. ಹದಿನೈದು ಇಪ್ಪತ್ತು ರೂಪಾಯಿಯ ಬೋಲ್ಟು ಸತ್ತು ಸಾವಿರಾರು ರೂಪಾಯಿಯ ಸಾಮಾನು ಬದುಕಬೇಕು. ಅದಕ್ಕೆಂದೇ ಅದು ಅಲ್ಲಿದೆ.

ಈಗ ಲೆಕ್ಕ ನೋಡ್ರಿ. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇರೋದು 8 ಮಿ.ಮೀ., 8.8 ದರ್ಜೆ. ಬೋಲ್ಟಿನ ತಲೆಯ ಮೇಲೆ ಚುಕ್ಕೆಗಿಂತ ಮೊದಲಿರುವ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಅದರ ಎಳೆತದ ಬಲ ಮೆಗಾಪ್ಯಾಸ್ಕಲ್‌ನಲ್ಲಿ ಸಿಗುತ್ತದೆ. 8.8 ಅಂದರೆ 800, 12.9 ಅಂದರೆ 1200. ಲೋಹದಲ್ಲೇ ಒಂದೂವರೆ ಪಟ್ಟು ಆಯಿತು. ಸಾಲದು ಅಂತ ಶಾಫ್ಟಿನ ತುದಿಯ ಕವಲು ತುಂಡಿನ, ಅಂದರೆ ಯೋಕ್‌ನ, ತೂತಿಗೆ ಡ್ರಿಲ್ ಹಾಕಿ 8 ಇದ್ದದ್ದನ್ನು 10 ಮಾಡಿದ್ದಾರೆ. 8 ಮಿ.ಮೀ. ದಂಡದ ಅಡ್ಡಕೊಯ್ತ 50 ಚದರ ಮಿ.ಮೀ., 10 ಮಿ.ಮೀ. ದಂಡದ್ದು 78. ಅಲ್ಲಿ ಇನ್ನೂ ಒಂದೂವರೆ ಪಟ್ಟಿಗಿಂತ ಹೆಚ್ಚು. ಎರಡನ್ನೂ ಗುಣಿಸಿದರೆ 2.3 ಪಟ್ಟು. ಮಷಿನ್ ಮಾಡಿದವರು ಎಷ್ಟು ಏಟಿಗೆ ಬಿಟ್ಟುಕೊಡಲಿ ಅಂದುಕೊಂಡಿದ್ದರೋ ಅದರ ಎರಡೂಕಾಲು ಪಟ್ಟು ಏಟು ಬಿದ್ದರೂ ಈ ಬೋಲ್ಟು ಬಿಡುವುದಿಲ್ಲ. ಹಾಗಾದರೆ ಬಿಟ್ಟುಕೊಡಬೇಕಾದವರು ಯಾರು? ಮುಂದಿನ ಬಡಪಾಯಿ, ಪಿನಿಯನ್ ಹಲ್ಲು. ಇದರಲ್ಲಿ ನನ್ನ ಕ್ಲಚ್ ಎಲ್ಲಿ ಬಂತು?

ಕ್ಲಚ್ ವಿಷಯವನ್ನೂ ಮುಚ್ಚಿಡುವುದಿಲ್ಲ. ರೋಲ್ ತುಂಬಿತು ಅಂದಾಗ ಗಾಡಿ ನಿಲ್ಲಬೇಕು, ಪಿಟಿಒ ಮಾತ್ರ ತಿರುಗುತ್ತಲೇ ಇರಬೇಕು. ಆಗಲೇ ದಾರ ಸುತ್ತುವುದು. ಅದಕ್ಕಾಗಿಯೇ ಬೇಲರ್‌ಗೆ ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರೇ ಬೇಕು ಅನ್ನುವುದು. ಪೆಡಲ್ ಅರ್ಧ ಒತ್ತಿದರೆ ಗಾಲಿ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತದೆ. ಅವಸರದಲ್ಲಿ ಕಾಲು ಪೂರ್ತಿ ಇಳಿದರೆ, ತುಂಬಿದ ರೋಲ್ ಒಳಗಿರುವಾಗಲೇ ಎಲ್ಲವೂ ನಿಂತು, ಪೆಡಲ್ ಬಿಟ್ಟ ಕೂಡಲೇ ಧಡಕ್ಕನೆ ಮತ್ತೆ ಎತ್ತಿಕೊಳ್ಳುತ್ತದೆ. ಒಂದೆರಡು ಸಲ ಹಾಗೆ ಆಗಿದೆ, ಒಪ್ಪುತ್ತೇನೆ. ಮೂವತ್ತು ನಲವತ್ತು ರೋಲ್ ಕಟ್ಟಿದ ಮೇಲೆ ಯಾರ ಕಾಲಿಗಾದರೂ ಆಗುವುದೇ. ಆದರೆ ಆ ತಪ್ಪಿಗೆ ಶಿಕ್ಷೆ ಒಂದು ಬೋಲ್ಟು ಮಾತ್ರ. ಮನುಷ್ಯನ ಕಾಲು ತಪ್ಪುತ್ತದೆ ಅಂತ ಗೊತ್ತಿದ್ದೇ ತಾನೇ ಅದನ್ನು ಅಲ್ಲಿ ಇಟ್ಟಿರೋದು!

ಶುರುವಿನಲ್ಲಿ ಬೋಲ್ಟು ಒಂದೇ ದಿನ ಮೂರು ಸಲ ಮುರಿದದ್ದು ನಿಜ. ಆ ದೂರು ಹಿಡಿದುಕೊಂಡೇ ಅಲ್ಲಿಗೆ ಹೋಗಿದ್ದು. ಆಗ "ಯಾಕೆ ಮುರಿಯುತ್ತಿದೆ" ಅಂತ ನೋಡಬೇಕಾದ್ದು ಅವರ ಕೆಲಸ. ನೋಡುವುದಾದರೆ ಮೊದಲು ಮುರಿದ ತುಂಡನ್ನು ಕೈಗೆ ತಗೋಬೇಕು. ಆ ಮೂರೂ ಬೋಲ್ಟು ಅವರೇ ಕೊಟ್ಟಿದ್ದವು, ಮೂರೂ ಫುಲ್ ಥ್ರೆಡ್. ತಲೆಯಿಂದ ತುದಿಯವರೆಗೆ ತಿರುಪಿನ ಗೆರೆಯೇ. ಶಿಯರ್ ಬೋಲ್ಟು ಅರ್ಧ ಥ್ರೆಡ್‌ದು ಇರಬೇಕು, ಎರಡು ತುಂಡು ಕೂಡುವ ಜಾಗದಲ್ಲಿ ನುಣುಪಾದ ದಂಡ ಕೂರಬೇಕು. ಥ್ರೆಡ್ ಇರುವ ಕಡೆ 8 ಮಿ.ಮೀ. ಬೋಲ್ಟಿನ ಗಟ್ಟಿ ಭಾಗ ಲೆಕ್ಕಕ್ಕೆ ಬರೋದು 36 ಚದರ ಮಿ.ಮೀ. ಮಾತ್ರ, 50 ಅಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಬಲ ಅಲ್ಲೇ ಸೋರಿ ಹೋಯಿತು. ಮೇಲಾಗಿ ಥ್ರೆಡ್ಡಿನ ಅಂಚು ಗರಗಸದಂತೆ ತೂತನ್ನು ಕೊರೆಯುತ್ತದೆ, ನಟ್ ಸಡಿಲಾಗುತ್ತದೆ, ಬೋಲ್ಟು ಅಲ್ಲಾಡುತ್ತಾ ಪ್ರತಿ ಸುತ್ತಿಗೂ ಪೆಟ್ಟು ತಿನ್ನುತ್ತದೆ. ಮುರಿಯದೆ ಏನು ಮಾಡೀತು?

ಎರಡನೆಯದು ಹುಲ್ಲು. ನವೆಂಬರ್-ಡಿಸೆಂಬರ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಈ ಬಯಲಿನಲ್ಲಿ ಇಬ್ಬನಿ ಆರಲು ಹತ್ತು ಹನ್ನೊಂದು ಗಂಟೆ ಆಗುತ್ತದೆ. ಕಟಾವು ಮಷಿನ್ ಬಿಟ್ಟ ಸಾಲಿನ ಮೇಲ್ಪದರ ಒಣಗಿದ ಹಾಗೆ ಕಂಡರೂ ಕೈ ಒಳಗೆ ಹಾಕಿದರೆ ತಣ್ಣಗಿರುತ್ತದೆ. ಒಂದು ಹಿಡಿ ತಗೊಂಡು ಹಗ್ಗದ ಹಾಗೆ ಹೊಸೆದು ನೋಡಬೇಕು. ಪಟಪಟ ಮುರಿದರೆ ಕಟ್ಟಬಹುದು, ನಾರಿನ ಹಾಗೆ ಸುತ್ತಿಕೊಂಡರೆ ಕಾಯಬೇಕು. ಬದುವಿನ ಹತ್ತಿರ ಕಟಾವು ಮಷಿನ್ ತಿರುಗಿದ ಜಾಗದಲ್ಲಿ ಗುಪ್ಪೆ ಬಿದ್ದಿರುತ್ತದೆ. ಅದನ್ನು ಕೈಯಿಂದ ಹರಡದೆ ನೇರ ನುಗ್ಗಿಸಿದರೆ ಹುಲ್ಲು ಎತ್ತುವ ಪಿಕಪ್ ಅದನ್ನು ಒಂದೇ ತುತ್ತಿಗೆ ಒಳಗೆ ತಳ್ಳುತ್ತದೆ. ಪಿಕಪ್‌ನ ಹಲ್ಲುಗಳು ನೆಲದಿಂದ ಎರಡು ಬೆರಳು ಮೇಲಿರಬೇಕು, ಇಲ್ಲವಾದರೆ ಗದ್ದೆಯ ಹೆಂಟೆ, ಮಣ್ಣು ಕೂಡ ಹುಲ್ಲಿನ ಜೊತೆ ಹೋಗುತ್ತದೆ.

ಮೂರನೆಯದು ಪಿಟಿಒ ಹಾಕುವ ರೀತಿ. ಇಂಜಿನ್ ನಿಧಾನಕ್ಕೆ ಇಳಿಸಿ, ಲಿವರ್ ಹಾಕಿ, ರೋಲರ್ ತಿರುಗಲು ಶುರುವಾದ ಮೇಲೆ ಮೀಟರಿನಲ್ಲಿ 540ರ ಗುರುತಿಗೆ ಏರಿಸಬೇಕು. ಜೋರಿನಲ್ಲೇ ಲಿವರ್ ಹಾಕಿದರೆ ಖಾಲಿ ಮಷಿನ್ನಿನಲ್ಲೂ ಬೋಲ್ಟು ಹೋಗುತ್ತದೆ. ತಿರುವಿನಲ್ಲಿ ಶಾಫ್ಟ್ ಬಹಳ ಸೊಟ್ಟಗಾದಾಗ ಪಿಟಿಒ ತಪ್ಪಿಸಬೇಕು. ಶಾಫ್ಟಿನ ಒಳಗಿನ ಕೊಳವೆ ಹೊರಗಿನದರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಕೂತಿರಬೇಕು, ಎರಡೂ ತುದಿಯ ಯೋಕ್ ಒಂದೇ ನೇರಕ್ಕಿರಬೇಕು. ಒಂದು ಸ್ಪ್ಲೈನ್ (ಶಾಫ್ಟಿನ ಉದ್ದುದ್ದ ಹಲ್ಲು) ತಪ್ಪಿ ಸೇರಿಸಿದರೂ ಪ್ರತಿ ಸುತ್ತಿನಲ್ಲಿ ಜರ್ಕ್ ಹೊಡೆಯುತ್ತದೆ.

ಇಷ್ಟರಲ್ಲಿ ಒಂದನ್ನೂ ಆತ ಕೇಳಲಿಲ್ಲ. ಶಾಫ್ಟ್ ಎತ್ತಿ ನೋಡಲಿಲ್ಲ. "ಇನ್ನ ಜಲ್ಮದಾಗ ಮುರಿಯಂಗಿಲ್ಲ ತಗೋರಿ" ಅಂತ ಡ್ರಿಲ್ ಮಷಿನ್ ತಂದ. ಆವತ್ತು ತಡೆಯಬೇಕಿತ್ತು. ಅಂಕಿ ಓದಲು ಬರುತ್ತಿತ್ತು, ಆದರೂ ಕಂಪನಿಯ ಅಂಗಿ ಹಾಕಿಕೊಂಡವನು ಮಾಡುವಾಗ ಸುಮ್ಮನಿದ್ದೆ. ಕಲಿತವನು, ತಿಳಿದೇ ಮಾಡುತ್ತಾನೆ ಅಂದುಕೊಂಡೆ. ಆ ಮೌನವೇ ಈಗ ನನ್ನ ಕುತ್ತಿಗೆಗೆ ಬಂದಿದೆ. ಜಾಬ್ ಕಾರ್ಡಿನಲ್ಲಿ ಬೋಲ್ಟಿನ ಸುದ್ದಿಯೇ ಇಲ್ಲ, ಡ್ರಿಲ್ ಹಾಕಿದ ಸುದ್ದಿಯೂ ಇಲ್ಲ. "ಜನರಲ್ ಚೆಕಪ್, ಗ್ರೀಸಿಂಗ್" ಅಂತ ಬರೆದು ಸಹಿ ಹಾಕಿಸಿಕೊಂಡಿದ್ದಾರೆ. ಓವರ್‌ಲೋಡ್‌ಗೆ ವಾರಂಟಿ ಬರುವುದಿಲ್ಲವಂತೆ. ಓವರ್‌ಲೋಡ್ ತಡೆಯುವ ಸಾಮಾನನ್ನು ಕಿತ್ತು ಹಾಕಿದವರೇ ಈ ಮಾತು ಆಡುತ್ತಾರೆ!

ಹೋಗಲಿ ಬಿಡ್ರಿ. ಯಾರ ಜೊತೆ ಜಗಳ ಆಡುವುದು? ನಾಳೆ ಚೈನ್ ಕಡಿದರೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕು. ಹತ್ತಿರದಲ್ಲಿ ಬೇರೆ ಯಾರೂ ಈ ಮಷಿನ್ನಿನ ಸಾಮಾನು ಇಡುವುದಿಲ್ಲ. ಅದು ಅವರಿಗೂ ಗೊತ್ತು. ಅದಕ್ಕೇ ನಗುತ್ತಾರೆ.

ಬಿಡುವುದು ಹೇಗೆ ಹೇಳ್ರಿ? ಗದ್ದೆಯಲ್ಲಿ ಹುಲ್ಲು ಸಾಲು ಸಾಲಾಗಿ ಬಿದ್ದಿದೆ. ಈ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದರೆ ಸಾಕು, ಇಲ್ಲಿ ಮೋಡ ಕಟ್ಟುತ್ತದೆ. ಒಂದು ರಾತ್ರಿ ನೆನೆದರೆ ಹುಲ್ಲು ಕಪ್ಪಾಗುತ್ತದೆ. ಹಸಿಯಾಗಿ ಕಟ್ಟಿದರೆ ರೋಲ್ ಒಳಗೆ ಕಾವು ಎದ್ದು ಬೂಷ್ಟು ಹಿಡಿಯುತ್ತದೆ, ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಮಳೆಯಾಶ್ರಿತ ಊರುಗಳಿಂದ ಬಂದು ಮೇವು ಒಯ್ಯುವವರು ಅಂಥ ರೋಲ್ ಮುಟ್ಟುವುದಿಲ್ಲ. ಕಟ್ಟಲಾಗದ ಹುಲ್ಲಿಗೆ ಕೊನೆಗೆ ಬೆಂಕಿಯೇ ಗತಿ. ಆಮೇಲೆ ರೈತ ಹುಲ್ಲು ಸುಡುತ್ತಾನೆ ಅಂತ ಬೈಯಲು ಎಲ್ಲರೂ ಬರುತ್ತಾರೆ.

ಇನ್ನೊಂದು ಮಾತು, ಇದು ದುಡ್ಡಿಗಿಂತ ದೊಡ್ಡದು. ಆವತ್ತು ಟ್ರಯಲ್ ನೋಡುವಾಗ ಅವರ ಹುಡುಗ ಪಿಟಿಒ ತಿರುಗುತ್ತಿರುವಾಗಲೇ ಪಿಕಪ್‌ಗೆ ಸುತ್ತಿಕೊಂಡ ಹುಲ್ಲನ್ನು ಕೈಯಿಂದ ಎಳೆಯುತ್ತಿದ್ದ. ಹೆಗಲ ಮೇಲೆ ಟವೆಲ್ ನೇತಾಡುತ್ತಿತ್ತು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಇಲ್ಲ, ಅದನ್ನು ತಡೆಯುವ ಸರಪಳಿಯೂ ಇಲ್ಲ. 540 ಆರ್‌ಪಿಎಂ ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಟವೆಲ್ ತುದಿ ತಗಲಿದರೆ "ಅಯ್ಯೋ" ಅನ್ನುವಷ್ಟರಲ್ಲಿ ಮೈ ಒಳಗಿರುತ್ತದೆ. ಬೋಲ್ಟು 12.9 ಇದ್ದರೆ ಆಗಲೂ ಮುರಿಯುವುದಿಲ್ಲ, ಅಷ್ಟು ನೆನಪಿರಲಿ. 8.8 ಇದ್ದರೂ ಮನುಷ್ಯನ ಮೈಗೆ ಮುರಿಯುವುದಿಲ್ಲ. ಇಂಜಿನ್ ಬಂದ್ ಮಾಡಿ, ಚಾವಿ ಜೇಬಿಗೆ ಹಾಕಿಕೊಂಡೇ ಕೈ ಹಾಕಬೇಕು. ಇದನ್ನು ಹೇಳಿಕೊಡಬೇಕಾದ ಜಾಗದಲ್ಲೇ ಹೀಗೆ.

ಈಗ ಉತ್ತರ ಬೇಕು. ಬೇಲರ್ ಮಾಡುವವರು ಹೇಳಲಿ, ಮಾರುವವರು ಹೇಳಲಿ, ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನವರು ಹೇಳಲಿ, ಯಾರಾದರೂ ಸರಿ. ಆ ಬೋಲ್ಟಿನ ಅಳತೆ, ದರ್ಜೆಯನ್ನು ಶಾಫ್ಟಿನ ಪಕ್ಕದಲ್ಲೇ ಮಷಿನ್ನಿನ ಮೈಮೇಲೆ ಕನ್ನಡದಲ್ಲಿ ಯಾಕೆ ಅಚ್ಚು ಹಾಕುವುದಿಲ್ಲ? ಪುಸ್ತಕ ಇಂಗ್ಲಿಷಿನಲ್ಲಿದೆ, ಅದೂ ಟೂಲ್ ಬಾಕ್ಸಿನಲ್ಲಿ ಎಣ್ಣೆ ಕುಡಿದು ಹಾಳೆ ಅಂಟಿಕೊಂಡಿರುತ್ತದೆ. ಸರಿಯಾದ ಬೋಲ್ಟು ಹತ್ತು ಎಣಿಸಿ ಮಷಿನ್ ಜೊತೆಗೇ ಯಾಕೆ ಕೊಡುವುದಿಲ್ಲ? ಮೆಕ್ಯಾನಿಕ್ಕು ತೂತು ದೊಡ್ಡದು ಮಾಡಿದರೆ ಅದನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು ಅನ್ನುವ ನಿಯಮ ಯಾಕಿಲ್ಲ? ಇದಕ್ಕೂ ನಗುತ್ತೀರಾ?

ಹೊಸ ಪಿನಿಯನ್ ಕೂರಿಸಿದ ಮಾತ್ರಕ್ಕೆ ಇದು ಮುಗಿಯುವುದೂ ಇಲ್ಲ. ಅದರ ಜೋಡಿ ಗೇರು ಕ್ರೌನ್ ಕೂಡ ಜೊತೆಗೇ ಬದಲಾಗಬೇಕು, ಜೋಡಿ ತಪ್ಪಿಸಿ ಹಾಕಿದರೆ ಕಿರುಚುತ್ತದೆ. ಬೇರಿಂಗ್ ನೋಡಬೇಕು, ಬಾಕ್ಸನ್ನು ಡೀಸೆಲ್‌ನಲ್ಲಿ ತೊಳೆದು ಲೋಹದ ಪುಡಿ ಪೂರ್ತಿ ತೆಗೆದು ಹೊಸ 90 ನಂಬರ್ ಗೇರ್ ಆಯಿಲ್ ತುಂಬಬೇಕು. ಅಗಲವಾದ ತೂತಿಗೆ ಮತ್ತೆ 8 ಮಿ.ಮೀ. ಬೋಲ್ಟು ಹಾಕಿದರೆ ಲೊಡಲೊಡ ಅನ್ನುತ್ತದೆ, ಅರ್ಧ ದಿನದಲ್ಲಿ ಹೋಗುತ್ತದೆ. ಬುಷ್ ಹಾಕುತ್ತೇವೆ ಅಂದರು. 10ರ ತೂತಿಗೆ 8ರ ಬೋಲ್ಟು ಅಂದರೆ ಬುಷ್ಷಿನ ಗೋಡೆ ಒಂದೇ ಮಿಲಿಮೀಟರ್, ಆ ಪೆಟ್ಟಿಗೆ ಅದು ನಿಲ್ಲುವುದಿಲ್ಲ. ಯೋಕನ್ನೇ ಬದಲಾಯಿಸಬೇಕು. ಅದು ಸ್ಟಾಕ್ ಇಲ್ಲವಂತೆ, ಬರಲು ಹದಿನೈದು ದಿನವಂತೆ.

ಸಿಂಧನೂರು, ಕಾರಟಗಿ, ಗಂಗಾವತಿ, ಎಲ್ಲಾದರೂ ಸರಿ: ಪಿಟಿಒ ಶಾಫ್ಟಿನ ಮಷಿನ್ ಕಡೆಯ ಯೋಕ್, 6 ಸ್ಪ್ಲೈನ್, ಒಂದೂ ಮೂರೆಂಟನೇ ಇಂಚಿನದು, ಶಿಯರ್ ಬೋಲ್ಟಿನ ತೂತು 8 ಮಿ.ಮೀ. ಡ್ರಿಲ್ ಮುಟ್ಟದ್ದು. ಯಾರ ಹತ್ತಿರ ಇದ್ದರೂ ಹೇಳ್ರಿ, ರಾತ್ರಿಯಾದರೂ ಬಂದು ಒಯ್ಯುತ್ತೇನೆ.